ಒರೆಗೆ ಹಚ್ಚದ ಒರೆ

ರಾತ್ರಿ ಹನ್ನೊಂದಕ್ಕೆ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿ, ‘ಒಂದೇ ಒಂದು ಎಪಿಸೋಡ್ ನೋಡಿ ಮಲಗೋಣ’ ಅಂತ ಕೂತು ಎರಡು ಗಂಟೆಗೆ ಏಳುವ ಕಾಯಿಲೆ ನಿಮಗೂ ಇದ್ದರೆ ‘ಫೋರ್ಜ್ಡ್ ಇನ್ ಫೈರ್’ ಎಲ್ಲೋ ಒಂದು ಕಡೆ ಕಣ್ಣಿಗೆ ಬಿದ್ದಿರುತ್ತೆ. ಹಿಸ್ಟರಿ ಚಾನೆಲ್‌ನವರು 2015ರಲ್ಲಿ ಶುರು ಮಾಡಿದ ಅಮೆರಿಕದ ರಿಯಾಲಿಟಿ ಶೋ ಅದು. ನಾಲ್ವರು ಕಮ್ಮಾರರು, ಮೂರು ಸುತ್ತು, ಗೆದ್ದವರಿಗೆ 10,000 ಡಾಲರ್. ಮೊದಲ ಸುತ್ತಿನಲ್ಲಿ ಕೊಟ್ಟ ಉಕ್ಕನ್ನು ಕಾಯಿಸಿ, ಬಡಿದು, ಸಾಮಾನ್ಯವಾಗಿ 3 ಗಂಟೆಯೊಳಗೆ ಅಲಗು ಮಾಡಬೇಕು. ಎರಡನೇ ಸುತ್ತಿನಲ್ಲಿ ಅದಕ್ಕೆ ಹಿಡಿ ಕೂರಿಸಬೇಕು. ಕೊನೆಗೆ ಉಳಿದ ಇಬ್ಬರು ತಮ್ಮ ತಮ್ಮ ಊರಿಗೆ ಹೋಗಿ, ತಮ್ಮದೇ ಕುಲುಮೆಯಲ್ಲಿ, ನಾಲ್ಕೈದು ದಿನದಲ್ಲಿ ಯಾವುದಾದರೂ ಒಂದು ಐತಿಹಾಸಿಕ ಆಯುಧ ಮಾಡಿಕೊಂಡು ಬರಬೇಕು.

ಆಮೇಲೆ ಪರೀಕ್ಷೆ. ಹಗ್ಗ ಕಡಿಯೋದು, ಜಿಂಕೆಯ ಕೊಂಬಿಗೆ ಹೊಡೆಯೋದು, ಐಸ್ ಒಡೆಯೋದು, ನೇತುಹಾಕಿದ ಹಂದಿಯನ್ನು ಸೀಳೋದು, ಮನುಷ್ಯನ ಆಕಾರದ ಜೆಲ್ ಬೊಂಬೆಗೆ ತಿವಿಯೋದು. ತೀರ್ಪುಗಾರರಲ್ಲಿ ಒಬ್ಬರು ಡಗ್ ಮಾರ್ಕೈಡಾ, ಫಿಲಿಪೀನ್ಸ್ ಕತ್ತಿವರಸೆಯ ಗುರು. ಎಲ್ಲ ಮುಗಿದ ಮೇಲೆ ಗಂಭೀರವಾಗಿ ತಲೆಯಾಡಿಸಿ, ಇದು ಕೊಲ್ಲುತ್ತೆ ಅನ್ನುವ ಅರ್ಥದ ಒಂದು ಮಾತು ಹೇಳ್ತಾರೆ. ಆ ಪದ ನಿಜಕ್ಕೂ ‘ಎಲ್ಲರನ್ನೂ ಬದುಕಿಸು’ ಅನ್ನುವುದರ ಹ್ರಸ್ವರೂಪ ಅಂತ ಅವರೇ ವಿವರಣೆ ಕೊಟ್ಟಿದ್ದಾರೆ. ಇರಬಹುದು. ಆದರೆ ರಾತ್ರಿ ಎರಡು ಗಂಟೆಗೆ ಕೇಳುವವನ ಕಿವಿಗೆ ಕೊಲ್ಲುತ್ತೆ ಅಂತಲೇ ಕೇಳುತ್ತೆ.

ಈ ಶೋನ ನಲವತ್ತೋ ಐವತ್ತೋ ಎಪಿಸೋಡ್ ನೋಡಿದ್ದೀನಿ. ಹಾಗಾಗಿ ಮುಂದೆ ಬರುವ ತಕರಾರನ್ನು ಒಬ್ಬ ಅಭಿಮಾನಿಯ ತಕರಾರು ಅಂತಲೇ ಓದಿಕೊಳ್ಳಿ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಈ ಶೋ ಸೋಲನ್ನು ತೋರಿಸುವ ರೀತಿ ನನಗೆ ಬಹಳ ಇಷ್ಟ. ಅಡುಗೆಯ ಶೋಗಳಲ್ಲಿ ಉಪ್ಪು ಹೆಚ್ಚಾಯ್ತು ಅಂತ ತೀರ್ಪುಗಾರರು ಹೇಳಿದರೆ ನಾವು ನಂಬಬೇಕು, ಅಷ್ಟೇ. ಇಲ್ಲಿ ಸೋಲು ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳುತ್ತೆ. ಕೆಂಪಗೆ ಕಾದ ಅಲಗನ್ನು ಎಣ್ಣೆಯಲ್ಲಿ ಅದ್ದುವ ಕ್ಷಣ ಇದೆಯಲ್ಲ, ಅಲ್ಲಿ ಶೋ ನಿಜಕ್ಕೂ ಉಸಿರು ಬಿಗಿ ಹಿಡಿಸುತ್ತೆ. ಉಕ್ಕನ್ನು ಕಾಯಿಸುತ್ತಾ ಹೋದರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದಕ್ಕೆ ಅಯಸ್ಕಾಂತ ಅಂಟೋದು ನಿಲ್ಲುತ್ತೆ. ಕಮ್ಮಾರರಿಗೆ ಅದೇ ಗುರುತು. ಅಲ್ಲಿಂದ ಸ್ವಲ್ಪ ಮೇಲೆ ಒಯ್ದು, ತಟ್ಟನೆ ಎಣ್ಣೆಗೆ ಇಳಿಸಿದರೆ ಉಕ್ಕು ಗಡುಸಾಗುತ್ತೆ. ಆದರೆ ಗಾಜಿನ ಹಾಗೆ ಪೆಡಸೂ ಆಗುತ್ತೆ. ಒಳಗೆ ಎಲ್ಲೋ ಅವಸರದಲ್ಲಿ ಬಿಟ್ಟ ತಪ್ಪಿದ್ದರೆ ಆ ಕ್ಷಣದಲ್ಲೇ ‘ಟಿಂಗ್’ ಅಂತ ಸದ್ದು ಬಂದು ಬಿರುಕು ಬಿಡುತ್ತೆ. ಉಳಿದುಕೊಂಡರೆ ಅದನ್ನು ಸುಮಾರು 200 ಡಿಗ್ರಿಯಲ್ಲಿ ಒಂದೆರಡು ಗಂಟೆ ಮತ್ತೆ ಬಿಸಿ ಮಾಡಿ ಆ ಪೆಡಸುತನ ಕಡಿಮೆ ಮಾಡಬೇಕು. ಹಿಟ್ಟಿಗೂ, ಬೆಲ್ಲದ ಪಾಕಕ್ಕೂ, ಉಕ್ಕಿಗೂ ನಮ್ಮಲ್ಲಿ ಒಂದೇ ಮಾತಿದೆ: ಹದ. ಹದ ತಪ್ಪಿದರೆ ಏನಾಗುತ್ತೆ ಅನ್ನೋದನ್ನು ಈ ಶೋ ತೋರಿಸಿದಷ್ಟು ಚೆನ್ನಾಗಿ ಬೇರೆ ಯಾರೂ ನನಗೆ ತೋರಿಸಿರಲಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಸುಮ್ಮನಿರೋಕಾಗುತ್ತಾ? ಬೆಂಗಳೂರಿನ ಹೊರವಲಯದಲ್ಲಿ ನಡೆದ ಎರಡು ದಿನದ ಚಾಕು ತಯಾರಿಕೆಯ ವರ್ಕ್‌ಶಾಪಿಗೆ 9,000 ರೂಪಾಯಿ ಕಟ್ಟಿ ಸೇರಿಕೊಂಡೆ. ನಮ್ಮ ಗುಂಪಿನಲ್ಲಿ ಇದ್ದವರೆಲ್ಲ ನನ್ನ ಥರದವರೇ: ಕೋಡ್ ಬರೆಯುವವರು, ಎಕ್ಸೆಲ್ ಶೀಟ್ ತುಂಬುವವರು, ‘ಕೈಯಲ್ಲಿ ಏನಾದರೂ ಮಾಡಬೇಕು’ ಅನ್ನುವ ಹಂಬಲದವರು. ಪಟ್ಟಿಯಾಗಿ ಬಂದ ಹೈ ಕಾರ್ಬನ್ ಉಕ್ಕಿನ ಮೇಲೆ ಆಕಾರ ಬರೆದುಕೊಂಡು, ಬೇಡದ್ದನ್ನು ಗ್ರೈಂಡರ್‌ನಲ್ಲಿ ತೇಯ್ದು ತೆಗೆದೆವು. ಕಾಯಿಸಿ ಅದ್ದಿದೆವು. ಬೀಟೆ ಮರದ ಎರಡು ಹೋಳುಗಳನ್ನು ಎಪಾಕ್ಸಿ ಅಂಟು ಮತ್ತು ಹಿತ್ತಾಳೆ ಮೊಳೆ ಹಾಕಿ ಹಿಡಿಯಾಗಿ ಕೂರಿಸಿದೆವು. ಎರಡನೇ ದಿನ ಸಂಜೆ ಐದೂಮುಕ್ಕಾಲಿಗೆ, ಗ್ರೂಪ್ ಫೋಟೋ ತೆಗೆಯುವ ಮುಂಚೆ, ಒಂದು ರಟ್ಟಿನ ಡಬ್ಬಿಯಿಂದ ರೆಡಿಮೇಡ್ ಚರ್ಮದ ಒರೆಗಳನ್ನು ತೆಗೆದು ಎಲ್ಲರಿಗೂ ಒಂದೊಂದು ಹಂಚಿದರು. ಮೆಷಿನ್ ಹೊಲಿಗೆ, ಎಲ್ಲವೂ ಒಂದೇ ಸೈಜು. ನಾವು ಎಂಟು ಜನ ಎಂಟು ಬೇರೆ ಬೇರೆ ಆಕಾರದ ಚಾಕು ಮಾಡಿದ್ದೆವು. ಅದು ಆಗ ಯಾರಿಗೂ ವಿಚಿತ್ರ ಅನಿಸಲಿಲ್ಲ. ನನಗಂತೂ ಅನಿಸಲೇ ಇಲ್ಲ. ಇನ್‌ಸ್ಟಾಗ್ರಾಮಿಗೆ ಹಾಕಿದ ಫೋಟೋದಲ್ಲಿ ಒರೆ ಇರಲೂ ಇಲ್ಲ.

ಮುಂದಿನ ತಿಂಗಳು ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನ ಮನೆಗೆ ಹೋದೆ. ಚಾಕು ತೋರಿಸುವ ಆಸೆ ಇತ್ತು ಅನ್ನೋದನ್ನು ಮುಚ್ಚಿಡೋದು ಯಾಕೆ. ಚಿಕ್ಕಪ್ಪ ಅದನ್ನು ಕೈಗೆ ತಗೊಂಡ, ಹೆಬ್ಬೆರಳನ್ನು ಬಾಯಿಯ ಮೇಲೆ ಅಡ್ಡಡ್ಡ ಆಡಿಸಿದ, ಬೆನ್ನು ಸವರಿದ. ‘ಚಂದ ಇದೆ’ ಅಂದ. ಆಮೇಲೆ, ‘ಅಲ್ಲ ಮಾರಾಯ, ಇದನ್ನ ಇಡೋದು ಎಲ್ಲಿ?’

ನಾನು ಸೊಂಟದ ಬೆಲ್ಟಿನಲ್ಲಿದ್ದ ಒರೆ ತೋರಿಸಿದೆ. ಅವನು ಅದನ್ನು ನೋಡಿದ. ಏನೂ ಹೇಳಲಿಲ್ಲ.

ಮಧ್ಯಾಹ್ನ ತೋಟಕ್ಕೆ ಇಳಿದಾಗ ಜಡಿಮಳೆ ಬಂದು ನಿಂತಿತ್ತು. ಇಳಿಜಾರಿನಲ್ಲಿ ಕಾಲು ಜಾರಿ ಕುಕ್ಕರುಬಡಿದೆ. ಒರೆಯ ಬದಿಯ ಹೊಲಿಗೆಯನ್ನು ಅಲಗು ಅದಾಗಲೇ ಒಳಗಿನಿಂದ ಒಂದೊಂದಾಗಿ ಕತ್ತರಿಸಿಕೊಂಡು ಬಂದಿತ್ತಂತ ಕಾಣುತ್ತೆ. ಬಿದ್ದ ರಭಸಕ್ಕೆ ಉಳಿದದ್ದೂ ಬಾಯಿಬಿಟ್ಟಿತು. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ. ಒರೆಗೆ ಸರಿಯಾಗಿ ಹಾಕಬೇಕಿದ್ದ ಹೊಲಿಗೆ ನನ್ನ ತೊಡೆಗೆ ಬಿತ್ತು.

ಮಂಚದ ಮೇಲೆ ಮಲಗಿಕೊಂಡು ಮತ್ತೆ ಅದೇ ಶೋ ನೋಡಿದೆ. ಈ ಸಲ ಬೇರೆ ಕಣ್ಣಿಂದ. ಒಂದರ ಹಿಂದೊಂದು ಎಪಿಸೋಡ್ ಹೋದವು. ಅಲಗಿನ ನೇರ ನೋಡಿದರು, ಹಿಡಿ ಕೈಗೆ ಒಗ್ಗುತ್ತಾ ನೋಡಿದರು, ಕಡಿದರು, ತಿವಿದರು. ನಾನು ನೋಡಿದ ಯಾವ ಎಪಿಸೋಡಿನಲ್ಲೂ ಒರೆಗೆ ಅಂತ ಯಾರನ್ನೂ ಮೆಚ್ಚಿದ್ದಾಗಲೀ ಮನೆಗೆ ಕಳಿಸಿದ್ದಾಗಲೀ ಕಾಣಲಿಲ್ಲ. ಕತ್ತಿಗಳು ಬಟ್ಟೆ ಹಾಸಿದ ಮೇಜಿನ ಮೇಲೆ ಬೆತ್ತಲೆ ಬರುತ್ತವೆ, ಕೆಲಸ ಮುಗಿಸಿ ಬೆತ್ತಲೆ ಹೋಗುತ್ತವೆ.

ಇದರಲ್ಲೇನಿದೆ, ಅದು ಕತ್ತಿಯ ಶೋ, ಒರೆಯದ್ದಲ್ಲ ಅಂತ ನೀವು ಹೇಳಬಹುದು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಸೊಂಟದ ಚಾಕು ದಿನಕ್ಕೆ ಎಷ್ಟು ಹೊತ್ತು ಕೊಯ್ಯುತ್ತೆ? ತೋಟದಲ್ಲಿ ಕೆಲಸ ಮಾಡುವವರ ಕತ್ತಿಯೇ ಆದರೂ ದಿನದ ಹೆಚ್ಚಿನ ಹೊತ್ತು ಸುಮ್ಮನೆ ಎಲ್ಲೋ ಇರುತ್ತೆ. ನಮ್ಮಂಥವರ ಚಾಕು ಹತ್ತು ನಿಮಿಷ ಕೊಯ್ದರೆ ಹೆಚ್ಚು. ಉಳಿದ ಅಷ್ಟೂ ಹೊತ್ತು ಅದು ನಮ್ಮ ಮೈಗೆ ಅಂಟಿಕೊಂಡು, ನಾವು ಕೂತರೆ ಕೂತು, ಬಗ್ಗಿದರೆ ಬಗ್ಗಿ, ಜಾರಿದರೆ ಜಾರಿ ಇರುತ್ತೆ. ಆ ಹತ್ತು ನಿಮಿಷಕ್ಕೆ ಮಾತ್ರ ಅಂಕ ಕೊಡುವ ಪರೀಕ್ಷೆಯನ್ನು ಕಠಿಣ ಪರೀಕ್ಷೆ ಅಂತ ಹೇಗೆ ಒಪ್ಪಿಕೊಳ್ಳೋದು? ನಿಲ್ಲಿಸೋಕೆ ಬರದ ಬೈಕಿಗೆ ಟಾಪ್ ಸ್ಪೀಡ್ ಮೇಲೆ ಬಹುಮಾನ ಕೊಟ್ಟ ಹಾಗೆ ಆಯ್ತು.

ಕನ್ನಡದಲ್ಲಿ ಈ ಮಾತು ಪದದೊಳಗೇ ಕೂತಿದೆ. ಒರೆ ಅಂದರೆ ಕತ್ತಿಯ ಮನೆ. ಒರೆ ಅಂದರೆ ಪರೀಕ್ಷೆ ಕೂಡ. ಚಿನ್ನವನ್ನು ಉಜ್ಜಿ ನೋಡುವ ಕಲ್ಲು ಒರೆಗಲ್ಲು, ಯಾರನ್ನಾದರೂ ಪರೀಕ್ಷಿಸಿದರೆ ಒರೆಗೆ ಹಚ್ಚಿದೆವು ಅಂತೀವಿ. ಎರಡೂ ಪದ ಒಂದೇ ಬೇರಿನಿಂದ ಬಂದವು ಅಂತ ನಾನು ಹೇಳ್ತಾ ಇಲ್ಲ, ಭಾಷಾಶಾಸ್ತ್ರಜ್ಞರು ಕಲ್ಲು ಹೊಡೆಯೋದು ಬೇಡ. ಉಚ್ಚಾರಣೆ ಒಂದೇ ಆಗಿರೋದು ಆಕಸ್ಮಿಕ ಅಂತಲೇ ಇಟ್ಟುಕೊಳ್ಳಿ. ಆದರೆ ಎಂಥಾ ಒಳ್ಳೆಯ ಆಕಸ್ಮಿಕ! ಚಾಕು ಮಾಡಿದವನಿಗೆ ಅದನ್ನು ಬಳಸುವವನ ಬಗ್ಗೆ ಎಷ್ಟು ಯೋಚನೆ ಇತ್ತು ಅನ್ನೋದನ್ನು ಒರೆಗೆ ಹಚ್ಚಬೇಕಾದರೆ ಒರೆಯನ್ನೇ ನೋಡಬೇಕು.

ಚಿಕ್ಕಪ್ಪನ ಪ್ರಶ್ನೆ ಎಲ್ಲಿಂದ ಬಂತು ಅಂತ ಆಮೇಲೆ ಹೊಳೆಯಿತು. ಅವರ ಕಡೆ ತೋಟದ ಕೆಲಸಕ್ಕೆ ಇಳಿಯುವವರ ಸೊಂಟದ ಹಿಂದೆ ಕತ್ತಿಕೊಕ್ಕೆ ಇರುತ್ತೆ. ಬಾಗಿದ ಮರದ ಒಂದು ತುಂಡು, ಸೊಂಟಕ್ಕೆ ಕಟ್ಟಿಕೊಳ್ಳೋಕೆ ಹಗ್ಗ, ಅಷ್ಟೇ. ಕೊಕ್ಕೆ ಇರೋದರಿಂದ ಎರಡೂ ಕೈ ಖಾಲಿ. ಮರ ಹತ್ತಬಹುದು, ಹೊರೆ ಎತ್ತಬಹುದು, ಬೇಕಾದಾಗ ತಿರುಗಿ ನೋಡದೆ ಕೈ ಹಿಂದಕ್ಕೆ ಹೋದರೆ ಕತ್ತಿ ಕೈಗೆ ಬರುತ್ತೆ. ಕೊಡಗಿನಲ್ಲಿ ಒಡಿಕತ್ತಿಗೆ ಬೆನ್ನ ಹಿಂದೆ ‘ತೊಡಂಗ್’ ಅನ್ನುವ ಹಿತ್ತಾಳೆಯ ಹಿಡಿಕೆ, ಪೀಚೆಕತ್ತಿಗೆ ಬೆಳ್ಳಿಯ ಕೆಲಸ ಮಾಡಿದ ಒರೆ. ಇವು ಯಾವುದೂ ಕತ್ತಿ ಮಾಡಿ ಮುಗಿದ ಮೇಲೆ ‘ಅಯ್ಯೋ, ಒರೆ ಮರೆತೆ’ ಅಂತ ಸೇರಿಸಿದ್ದಲ್ಲ. ಎಲ್ಲಿ ಇಡೋದು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೇ ಆ ಕತ್ತಿ ಪೂರ್ತಿಯಾಗಿರೋದು.

ಇದು ನಮ್ಮ ಊರಿನ ಹೆಚ್ಚುಗಾರಿಕೆ ಅಂತ ಬೀಗೋಕೆ ಹೇಳಿದ್ದಲ್ಲ. ಫಿನ್ಲೆಂಡಿನವರ ‘ಪೂಕ್ಕೊ’ ನೋಡಿ. ಸೊಂಟಕ್ಕೆ ಕಟ್ಟುವ ಸಣ್ಣ, ಸರಳ ಚಾಕು. ಬೆರಳು ಜಾರದಂತೆ ತಡೆಯುವ ಅಡ್ಡಪಟ್ಟಿ ಇಲ್ಲ, ಹಿಡಿ ನುಣುಪು. ಯಾಕೆ ಹೀಗೆ ಅನ್ನೋದಕ್ಕೆ ಅರ್ಧ ಉತ್ತರ ಅದರ ಚರ್ಮದ ಒರೆ ‘ತುಪ್ಪಿ’ಯಲ್ಲಿದೆ. ಆ ಒರೆ ಅಲಗನ್ನು ಮಾತ್ರವಲ್ಲ, ಹಿಡಿಯ ಬಹುಪಾಲನ್ನೂ ನುಂಗುತ್ತೆ. ಒದ್ದೆ ಚರ್ಮವನ್ನು ಚಾಕುವಿನ ಆಕಾರಕ್ಕೆ ಒತ್ತಿ ಒಣಗಿಸಿರುತ್ತಾರೆ. ಒಳಗೆ ಅಲಗು ಕೂರುವ ಕಡೆ ಮರದ ಒಳಪದರ ಇಡುತ್ತಾರೆ, ಬಾಯಿ ಚರ್ಮಕ್ಕೆ ತಾಗಬಾರದು ಅಂತ. ಗುಂಡಿ ಇಲ್ಲ, ಪಟ್ಟಿ ಇಲ್ಲ, ಬರೀ ಬಿಗಿತದಿಂದ ಚಾಕು ನಿಲ್ಲುತ್ತೆ. ಅಂದರೆ ಇಲ್ಲಿ ಚಾಕು ಒರೆಯ ಆಕಾರವನ್ನು ತೀರ್ಮಾನ ಮಾಡಿದಷ್ಟೇ ಒರೆಯೂ ಚಾಕುವಿನ ಆಕಾರವನ್ನು ತೀರ್ಮಾನ ಮಾಡಿದೆ.

ಅಥವಾ ಜಪಾನಿನ ಕಟಾನಾ ತಗೊಳ್ಳಿ. ‘ಫೋರ್ಜ್ಡ್ ಇನ್ ಫೈರ್’ನ ಮೊಟ್ಟಮೊದಲ ಎಪಿಸೋಡಿನ ಕೊನೆಯ ಸುತ್ತಿಗೆ ಕೊಟ್ಟದ್ದೇ ಅದು, ಅದೂ ಕೆಲವೇ ದಿನಗಳ ಗಡುವಿನಲ್ಲಿ. ಜಪಾನಿನಲ್ಲಿ ಖಡ್ಗ ಒಬ್ಬನ ಕೆಲಸವಲ್ಲ. ಬಡಿಯುವವನು ಬೇರೆ, ಸಾಣೆ ಹಿಡಿದು ಹೊಳಪು ಕೊಡುವವನು ಬೇರೆ, ಒರೆ ಮಾಡುವವನೂ ಬೇರೆ. ಅಲ್ಲಿ ಒರೆಯನ್ನು ‘ಸಾಯಾ’ ಅಂತಾರೆ. ಹೋನೋಕಿ ಅನ್ನುವ ಮೆದು ಮರವನ್ನು ಎರಡು ಹೋಳು ಮಾಡಿ, ಒಳಗೆ ಅಲಗಿನ ಆಕಾರಕ್ಕೆ ಕೆತ್ತಿ, ಅನ್ನದ ಗಂಜಿಯಂಥ ಅಂಟಿನಿಂದ ಕೂಡಿಸುತ್ತಾರೆ. ಗಟ್ಟಿ ಅಂಟು ಯಾಕಿಲ್ಲ? ಮುಂದೊಂದು ದಿನ ಬಿಡಿಸಿ ಒಳಗೆ ಸ್ವಚ್ಛ ಮಾಡಬೇಕಲ್ಲ, ಅದಕ್ಕೆ. ಅಲಗು ಒಳಗೆ ಮರಕ್ಕೆ ಉಜ್ಜಬಾರದು. ಬುಡದಲ್ಲಿರುವ ಲೋಹದ ಪಟ್ಟಿಯ ಬಿಗಿತದ ಮೇಲೆ ಇಡೀ ಖಡ್ಗ ನಿಂತಿರಬೇಕು. ಆ ಖಾಲಿ ಜಾಗವನ್ನು ಅಳತೆಗೆ ಸರಿಯಾಗಿ ಕೆತ್ತೋದೇ ಒಬ್ಬ ಮನುಷ್ಯನ ಜೀವಮಾನದ ವಿದ್ಯೆ. ಶೋನಲ್ಲಿ ಅದಕ್ಕೆ ಒಂದು ನಿಮಿಷವೂ ಇಲ್ಲ.

ಅಮೆರಿಕದಲ್ಲೇ ಬೇರೆ ದಾರಿ ಇತ್ತು ಅನ್ನೋದು ಇನ್ನೂ ಬೇಜಾರಿನ ವಿಷಯ. ಇವತ್ತಿನ ಕಸ್ಟಮ್ ಚಾಕು ಅನ್ನುವ ಇಡೀ ಲೋಕದ ಹಿರಿಯರಲ್ಲಿ ಬಾಬ್ ಲವ್‌ಲೆಸ್ ಒಬ್ಬರು (1929–2010). 1950ರ ದಶಕದಲ್ಲಿ, ತನಗೆ ಬೇಕಾದ ಚಾಕುವಿಗೆ ತಿಂಗಳುಗಟ್ಟಲೆ ಕಾಯಬೇಕು ಅಂತ ಅಂಗಡಿಯವರು ಅಂದಾಗ, ಗುಜರಿಯಿಂದ ಹಳೇ ಕಾರಿನ ಸ್ಪ್ರಿಂಗ್ ತಂದು ತಾನೇ ಮಾಡಿಕೊಂಡರು ಅನ್ನೋದು ಅವರ ಬಗ್ಗೆ ಎಲ್ಲರೂ ಹೇಳುವ ಕಥೆ. ಅಲಗಿನ ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಇಳಿಯುವ ಅವರ ಬೇಟೆ ಚಾಕುವಿನ ವಿನ್ಯಾಸವನ್ನು ಇವತ್ತು ಜಗತ್ತೆಲ್ಲ ನಕಲು ಮಾಡುತ್ತೆ. ಆದರೆ ಅವರ ಚಾಕುಗಳ ಜೊತೆಗೆ ಬರುತ್ತಿದ್ದ ಆಳವಾದ ಚೀಲದಂಥ ಚರ್ಮದ ಒರೆಯೂ ಅಷ್ಟೇ ಪ್ರಸಿದ್ಧ. ಹಿಡಿಯ ಅರ್ಧಕ್ಕೂ ಹೆಚ್ಚು ಭಾಗ ಅದರಲ್ಲಿ ಮುಳುಗಿರುತ್ತೆ.

ಹಾಗಿದ್ದರೂ ಶೋ ಯಾಕೆ ಒರೆಯನ್ನು ಬಿಟ್ಟಿತು? ಕ್ಯಾಮೆರಾಗೆ ಏನು ಇಷ್ಟ ಅಂತ ಯೋಚಿಸಿದರೆ ಗೊತ್ತಾಗುತ್ತೆ. ಬೆಂಕಿ, ಕಿಡಿ, ಸುತ್ತಿಗೆಯ ಸದ್ದು, ಬೆವರು. ಆಮೇಲೆ ಡಮಾಸ್ಕಸ್. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಮಡಚಿ, ಕೊನೆಗೆ ಆಸಿಡ್‌ನಲ್ಲಿ ಅದ್ದಿದಾಗ ನೀರಿನ ಅಲೆಯ ಹಾಗೆ ಮೂಡುವ ಚಿತ್ತಾರಕ್ಕೆ ಇವತ್ತು ಆ ಹೆಸರು. ನಮ್ಮ ವರ್ಕ್‌ಶಾಪಿನಲ್ಲೂ ಹೆಚ್ಚು ದುಡ್ಡು ಕೊಟ್ಟರೆ ಡಮಾಸ್ಕಸ್ ಪಟ್ಟಿ ಸಿಗ್ತಿತ್ತು, ಎಂಟರಲ್ಲಿ ಐದು ಜನ ತಗೊಂಡರು. ಹಳೆಯ ಡಮಾಸ್ಕಸ್ ಖಡ್ಗಗಳ ಹೆಸರು ಬೆಳಗಿಸಿದ್ದು ಇದಲ್ಲ. ಅದು ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಕರಗಿಸಿ ತಯಾರಾಗುತ್ತಿದ್ದ ಉಕ್ಕು. ಅದರ ಚಿತ್ತಾರ ಬೆಸುಗೆಯಿಂದ ಬಂದದ್ದಲ್ಲ, ಒಳಗಿನ ಕಾರ್ಬೈಡ್ ಕಣಗಳು ಸಾಲುಗಟ್ಟಿದ್ದರಿಂದ ಬಂದದ್ದು. ಇಂಗ್ಲಿಷಿನ ‘ವೂಟ್ಜ್’ ಪದ ನಮ್ಮ ‘ಉಕ್ಕು’ವಿನಿಂದಲೇ ಬಂದಿರಬೇಕು ಅನ್ನೋದು ಬಹಳ ಜನ ವಿದ್ವಾಂಸರು ಒಪ್ಪುವ ಮಾತು. ಎರಡೂ ಬೇರೆ ಬೇರೆ ಅನ್ನೋದು ಗೊತ್ತಿಲ್ಲದೆಯೇ ಆ ಐದು ಜನ ದುಡ್ಡು ಕೊಟ್ಟದ್ದು ಯಾಕೆ? ಸ್ಕ್ರೀನಿನ ಮೇಲೆ ಚಂದ ಕಾಣುತ್ತೆ ಅಂತ. ಕಣ್ಣನ್ನು ಒಮ್ಮೆ ಹಾಗೆ ಪಳಗಿಸಿದ ಮೇಲೆ ಒರೆ ಕಾಣೋದಾದರೂ ಹೇಗೆ? ಅದರಲ್ಲಿ ಕಿಡಿ ಹಾರಲ್ಲ.

ತೊಡೆಯ ಹೊಲಿಗೆ ಬಿಚ್ಚಿದ ಮೇಲೆ ಬೆಂಗಳೂರಿನಲ್ಲಿ ನಮ್ಮ ರಸ್ತೆಯ ತಿರುವಿನಲ್ಲಿ, ಛತ್ರಿಯ ಕೆಳಗೆ ಕೂತು ಚಪ್ಪಲಿ ರಿಪೇರಿ ಮಾಡುವವರ ಹತ್ತಿರ ಹರಿದ ಒರೆ ತಗೊಂಡು ಹೋದೆ. ‘ಅಣ್ಣ, ಇದನ್ನ ಹೊಲಿದು ಕೊಡೋಕಾಗತ್ತಾ?’ ಅವರು ಒರೆಯ ಬಾಯಿ ಅಗಲಿಸಿ ಒಳಗೆ ಇಣುಕಿದರು. ‘ಹೊಲಿದ್ರೂ ನಿಲ್ಲಲ್ಲ ಸರ್. ಮಧ್ಯ ಪಟ್ಟಿನೇ ಇಟ್ಟಿಲ್ಲ. ಚಾಕು ನೇರ ದಾರದ ಮೇಲೇ ಬರತ್ತಲ್ಲ?’

ಹತ್ತು ಸೆಕೆಂಡ್ ಕೂಡ ಆಗಿರಲಿಲ್ಲ.

ಅವರು ಹೇಳಿದ್ದೇ ಒರೆಯ ಮೂಲಪಾಠ. ಎರಡು ಪದರ ಚರ್ಮವನ್ನು ಸುಮ್ಮನೆ ಕೂಡಿಸಿ ಹೊಲಿದರೆ, ಪ್ರತಿ ಸಲ ಚಾಕು ಒಳಗೆ ಹೋಗುವಾಗ ಅದರ ಬಾಯಿ ಹೊಲಿಗೆಯ ದಾರವನ್ನೇ ಕೊಯ್ಯುತ್ತೆ. ಅದಕ್ಕೇ ಬಾಯಿ ಬರುವ ಬದಿಯಲ್ಲಿ ಎರಡು ಪದರದ ನಡುವೆ ಇನ್ನೊಂದು ಚರ್ಮದ ಪಟ್ಟಿ ಇಡಬೇಕು. ಚಾಕು ತಾಗಿದರೆ ಆ ಪಟ್ಟಿಗೆ ತಾಗಬೇಕು, ದಾರ ಅದರ ಆಚೆ ಸುರಕ್ಷಿತವಾಗಿರಬೇಕು. ಹೊರಗಿನಿಂದ ನೋಡಿದರೆ ಆ ಪಟ್ಟಿ ಕಾಣೋದೇ ಇಲ್ಲ, ಅಂಚಿನಲ್ಲಿ ಒಂದು ಗೆರೆ ಅಷ್ಟೇ. ಎಂಟು ಜನಕ್ಕೆ ಹಂಚಿದ ಎಂಟು ಒರೆಯಲ್ಲೂ ಅದು ಇರಲಿಲ್ಲ.

ಹೊಸ ಒರೆಯನ್ನೇ ಮಾಡೋಣ ಅಂತ ಆಯ್ತು. ಚರ್ಮ ತರುವಾಗ ಕಲಿತ ಮೊದಲ ವಿಷಯ: ಎಲ್ಲ ಚರ್ಮವೂ ಒರೆಗೆ ಬರಲ್ಲ. ಬ್ಯಾಗು, ಜಾಕೆಟ್ಟಿಗೆಲ್ಲ ಬಳಸುವ, ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಮೆತ್ತನೆ ಚರ್ಮ ಆಕಾರ ಹಿಡಿದು ನಿಲ್ಲಲ್ಲ. ಗಿಡದ ತೊಗಟೆ, ಕಾಯಿಗಳ ಒಗರಿನಿಂದ ಹದ ಮಾಡಿದ ಚರ್ಮ ಬೇಕು. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಅಳಲೆಕಾಯಿ ಬಳಸಿ ಹೀಗೆ ಹದ ಮಾಡುವ ಹಳೇ ಪದ್ಧತಿ ಇದೆ. ಇಲ್ಲೂ ಅದೇ ಪದ ನೋಡಿ, ಹದ. ಸುಮಾರು 3 ಮಿಲಿಮೀಟರ್ ದಪ್ಪದ ತುಂಡು ತಂದು, ಕಾಗದದ ಅಚ್ಚು ಇಟ್ಟು ಕತ್ತರಿಸಿ, ಮಧ್ಯದ ಪಟ್ಟಿ ಅಂಟಿಸಿಕೊಂಡು ಮತ್ತೆ ಛತ್ರಿಯ ಕೆಳಗೆ ಹೋಗಿ ಕೂತೆ.

ಅವರು ತುದಿಯಲ್ಲಿ ಪುಟ್ಟ ಕೊಕ್ಕೆ ಇರುವ ದಬ್ಬಣದಂಥ ಉಪಕರಣದಲ್ಲಿ ಮೂರೂ ಪದರ ಚುಚ್ಚಿ, ಅಡಿಯಿಂದ ದಾರದ ಕುಣಿಕೆ ಮೇಲೆಳೆದು, ದಾರದ ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ, ಎರಡೂ ಕಡೆ ಜಗ್ಗುತ್ತಿದ್ದರು. ಪ್ರತಿ ತೂತಿನಲ್ಲೂ ದಾರ ದಾರವನ್ನು ಹಿಡಿದುಕೊಳ್ಳುತ್ತೆ. ಒಂದೊಂದು ಹೊಲಿಗೆಯನ್ನೂ ಕೈಯ ಬಲದಿಂದ ಜಗ್ಗಿ ಚರ್ಮದೊಳಗೆ ಹುದುಗಿಸಿದ್ದರಿಂದ, ಮೇಲೆ ಉಜ್ಜಿದರೂ ದಾರ ಸುಲಭಕ್ಕೆ ಸವೆಯಲ್ಲ. ಒಂದು ಹೊಲಿಗೆ ಮುಗಿಯೋ ಹೊತ್ತಿಗೆ ಮುಂದಿನ ತೂತು ಬಿದ್ದಿರ್ತಿತ್ತು. ಸ್ಕೇಲ್ ಇಲ್ಲ, ಗುರುತು ಇಲ್ಲ, ಅಂತರ ಮಾತ್ರ ಒಂದೇ ಸಮ. ಮುಗಿದ ಮೇಲೆ ‘ಎಷ್ಟಾಯ್ತಣ್ಣ?’ ಅಂದೆ. ‘ಎಂಬತ್ತು ಕೊಡಿ ಸರ್.’ ನಾನು ಇನ್ನೂರು ಕೊಟ್ಟೆ. ಆ ಹೆಚ್ಚಿನ ನೂರಿಪ್ಪತ್ತರಲ್ಲಿ ಕನ್ಸಲ್ಟೇಶನ್ ಫೀ ಎಷ್ಟು, ಪಾಪಪ್ರಜ್ಞೆ ಎಷ್ಟು ಅಂತ ಇನ್ನೂ ಲೆಕ್ಕ ಹಾಕಿಲ್ಲ.

ಇಲ್ಲಿ ನನ್ನ ವಿಮರ್ಶೆ ಸ್ವಲ್ಪ ನನ್ನ ಕಡೆಗೇ ತಿರುಗಬೇಕಾಗುತ್ತೆ. ಆ ಶೋ ಒರೆಯನ್ನು ಬಿಟ್ಟಿದ್ದಕ್ಕೆ ಟಿವಿಯ ಕಾರಣಗಳಿವೆ. ಆದರೆ ಬೆಂಗಳೂರಿನಲ್ಲಿ ಕೂತು ನೋಡುವ ನನಗೆ ಒರೆ ಕಾಣದೇ ಹೋಗಿದ್ದಕ್ಕೆ ಆ ಶೋ ಒಂದೇ ಕಾರಣ ಅಂತ ಹೇಳಿದರೆ ಸುಳ್ಳಾಗುತ್ತೆ. ಉಕ್ಕು ಬಡಿಯುವ ಎರಡು ದಿನದ ಕ್ಲಾಸಿಗೆ 9,000 ಕೊಡೋಕೆ ನಾನು ಎರಡನೇ ಸಲ ಯೋಚಿಸಲಿಲ್ಲ. ಚರ್ಮದ ಕೆಲಸ ಗೊತ್ತಿರುವವರ ಮುಂದೆ ಆರು ವರ್ಷ ದಿನಾ ಓಡಾಡಿದ್ದೀನಿ, ಅವರ ಹತ್ತಿರ ಕಲಿಯೋಕೆ ಏನಾದರೂ ಇರಬಹುದು ಅಂತ ಒಂದು ದಿನವೂ ಹೊಳೆದಿರಲಿಲ್ಲ. ಕುಲುಮೆಯನ್ನು ನಾವು ಊರೊಳಗೆ ಇಟ್ಟುಕೊಂಡೆವು, ತೊಗಲಿನ ಕೆಲಸವನ್ನು ಊರ ಹೊರಗೆ ಇಟ್ಟೆವು. ಹನ್ನೆರಡನೇ ಶತಮಾನದ ಹರಳಯ್ಯನ ಕಥೆ ಸ್ಕೂಲಿನಲ್ಲಿ ಓದಿ ಕಣ್ಣು ಒದ್ದೆ ಮಾಡಿಕೊಂಡವನು ನಾನು. ಬಸವಣ್ಣನಿಗೆ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿಕೊಟ್ಟ ದಂಪತಿಯ ಕಥೆ. ಕಥೆಯಲ್ಲಿ ಗೌರವ, ತಿರುವಿನಲ್ಲಿ ‘ಅಣ್ಣ, ಬೇಗ ಆಗತ್ತಾ?’. ಈಗ ಬೆಂಗಳೂರಿನಲ್ಲಿ ‘ಹ್ಯಾಂಡ್‌ಕ್ರಾಫ್ಟೆಡ್ ಲೆದರ್’ ಅಂತ ಬೋರ್ಡು ಹಾಕಿಕೊಂಡ ಅಂಗಡಿಗಳು ಬೇಕಾದಷ್ಟಿವೆ, ಅಲ್ಲಿ ನಾವು ಚೌಕಾಸಿ ಮಾಡೋದೂ ಇಲ್ಲ. ಕೈ ಅದೇ ಕೆಲಸ ಮಾಡಿದರೂ ಕ್ರಾಫ್ಟ್ ಅನಿಸಿಕೊಳ್ಳೋಕೆ ಅದು ಯಾರ ಕೈ ಅನ್ನೋದು ಮುಖ್ಯ ಆಗುತ್ತೆ. ಇದನ್ನು ಅಮೆರಿಕದ ಯಾವ ತೀರ್ಪುಗಾರರೂ ನನಗೆ ಕಲಿಸಿದ್ದಲ್ಲ. ನಾನು ಬರುವಾಗಲೇ ತಂದದ್ದು.

ಉಳಿದದ್ದು ಒರೆಗೆ ಆಕಾರ ಕೊಡೋದು. ಹೊಲಿದ ಒರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ಬರೋದು ನಿಲ್ಲುವವರೆಗೆ ಮುಳುಗಿಸಿ, ಚಾಕುವಿಗೆ ತುಕ್ಕು ಹಿಡಿಯದ ಹಾಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ತೂರಿಸಬೇಕು. ಆಮೇಲೆ ಹೆಬ್ಬೆರಳಿನಿಂದ ಹಿಡಿಯ ಅಂಚುಗುಂಟ ಒತ್ತುತ್ತಾ ಹೋಗಬೇಕು. ಒದ್ದೆ ಚರ್ಮ ಚಪಾತಿ ಹಿಟ್ಟಿನ ಹಾಗೆ ಮಾತು ಕೇಳುತ್ತೆ, ಚಾಕುವಿನ ಮೈಯನ್ನು ಇಷ್ಟಿಷ್ಟೇ ನೆನಪಿಟ್ಟುಕೊಳ್ಳುತ್ತೆ. ಮೆಲ್ಲಗೆ ಚಾಕು ತೆಗೆದು, ಒರೆಯನ್ನು ನೆರಳಿನಲ್ಲಿ ಒಂದೆರಡು ದಿನ ಒಣಗಲು ಬಿಡಬೇಕು. ಬಿಸಿಲಿಗೆ ಇಟ್ಟರೆ ಮುರುಟುತ್ತೆ, ಅವಸರ ಮಾಡಿದರೆ ಬಿರಿಯುತ್ತೆ. ಆ ಎರಡು ದಿನ ಏನೂ ಆಗಲ್ಲ. ಚರ್ಮ ಒಣಗುತ್ತೆ, ಅಷ್ಟೇ. ಯಾವ ರಿಯಾಲಿಟಿ ಶೋ ತಾನೇ ಇದನ್ನು ತೋರಿಸೀತು?

ಒಣಗಿದ ಮೇಲೆ ಚಾಕು ತೂರಿಸಿದೆ. ಕೊನೆಯ ಅರ್ಧ ಇಂಚಿನಲ್ಲಿ ಸಣ್ಣಗೆ ‘ಟಕ್’ ಅಂತು. ಹಿಡಿಯ ಉಬ್ಬು ಚರ್ಮದ ತಗ್ಗಿಗೆ ಕೂತ ಸದ್ದು. ಅಲಗು ಎಣ್ಣೆಯಲ್ಲಿ ಬಿರುಕು ಬಿಡುವ ‘ಟಿಂಗ್’ಗಿಂತ ಈ ಸದ್ದು ಎಷ್ಟೋ ಚಿಕ್ಕದು. ಇಷ್ಟೆಲ್ಲ ಆದ ಮೇಲೂ ಒಂದು ವ್ಯಂಗ್ಯ ಉಳಿದಿದೆ. ಕಾರ್ಬನ್ ಉಕ್ಕಿನ ಚಾಕುವನ್ನು ಚರ್ಮದ ಒರೆಯಲ್ಲೇ ತಿಂಗಳುಗಟ್ಟಲೆ ಬಿಡಬಾರದು. ಚರ್ಮ ಗಾಳಿಯ ತೇವ ಹೀರಿ ಅಲಗಿಗೆ ತುಕ್ಕು ಹತ್ತಿಸುತ್ತೆ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಹೊರಗೆ ಹೋಗುವಾಗ ಒರೆಯಲ್ಲಿ, ಮನೆಯಲ್ಲಿ ಎಣ್ಣೆ ಸವರಿ ಪಕ್ಕದಲ್ಲಿ. ಇಡೋದು ಎಲ್ಲಿ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಸಾಲಲ್ಲ ಅಂತ ಈಗ ಗೊತ್ತಾಗಿದೆ.

‘ಫೋರ್ಜ್ಡ್ ಇನ್ ಫೈರ್’ ನೋಡಬೇಡಿ ಅಂತ ನಾನು ಹೇಳಲ್ಲ. ನಾನೇ ಈಗಲೂ ನೋಡ್ತೀನಿ. ಆದರೆ ಮುಂದಿನ ಸಲ ಕಿಡಿ ಹಾರುವಾಗ, ಜೆಲ್ ಬೊಂಬೆಯ ಕುತ್ತಿಗೆ ಹಾರಿದಾಗ, ಒಂದು ಕ್ಷಣ ಚಿಕ್ಕಪ್ಪನ ಪ್ರಶ್ನೆ ಕೇಳಿಕೊಳ್ಳಿ. ಯಾರಾದರೂ ನಿಮಗೆ ಹದಿನೈದು ಸಾವಿರದ ಕಸ್ಟಮ್ ಚಾಕು ಮಾರೋಕೆ ಬಂದರೆ ಅಲಗಿನ ಚಿತ್ತಾರ ಆಮೇಲೆ ನೋಡಿ. ಮೊದಲು ಒರೆಯ ಅಂಚು ನೋಡಿ, ಮಧ್ಯದ ಪಟ್ಟಿಯ ಗೆರೆ ಇದೆಯಾ ಅಂತ.

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಕೈಗೆ ಚಾಕುವನ್ನು ಒರೆಯ ಸಮೇತ ಕೊಟ್ಟೆ. ಈ ಸಲ ಅವನು ಬಾಯಿಯ ಮೇಲೆ ಹೆಬ್ಬೆರಳು ಆಡಿಸಲಿಲ್ಲ. ಒರೆಯನ್ನು ತಲೆಕೆಳಗು ಮಾಡಿ ಹಿಡಿದು ಎರಡು ಸಲ ಜೋರಾಗಿ ಕೊಡವಿದ. ಚಾಕು ಬೀಳಲಿಲ್ಲ.

‘ಹೂಂ’ ಅಂದ. ಆಮೇಲೆ ನನಗೇ ವಾಪಸ್ ಕೊಟ್ಟು, ‘ಹೋಗು, ಊಟಕ್ಕೆ ಹತ್ತು ಬಾಳೆಎಲೆ ಕೊಯ್ಕೊಂಡು ಬಾ’ ಅಂದ.